ಅಳಿಯನ ಕಾರಿನ ಟೈರು, ನಮ್ಮ ರೊಟ್ಟಿ

ನನ್ನ ಅಳಿಯನ ಕಾರು ನೋಡಿದರೆ ಅದು ಏನೆಂದು ಹೇಳಲು ಬರುವುದಿಲ್ಲ. ಮುಂದಿನಿಂದ ಕಾರು. ಹಿಂದಕ್ಕೆ ಹೋದರೆ ಹೆಣ ಒಯ್ಯುವ ಗಾಡಿಯಷ್ಟು ಉದ್ದ. ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಹೈದರಾಬಾದಿನಲ್ಲಿ ಯಾರೋ ಓಡಿಸಿ ಬೇಸತ್ತು ಮಾರಿದ್ದನ್ನು ಇವನು ತಂದಿದ್ದಾನೆ. ಓಡುವಾಗ ಗುರ್ ಅನ್ನುತ್ತದೆ. ಅದಕ್ಕೆ ಅವನು ಸ್ಪೋರ್ಟಿ ಅನ್ನುತ್ತಾನೆ. ನಾನು ಇಟ್ಟ ಹೆಸರು ಬೇರೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ನಾವಿರುವುದು ಶಹಾಪುರದಲ್ಲಿ. ಅಳಿಯ ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ನಾನೂ ಮಗಳೂ ಜೋಳದ ಖಡಕ್ ರೊಟ್ಟಿ ಬಡಿದು ಸುರಪುರದ ಒಂದು ಖಾನಾವಳಿಗೆ ಕೊಡುತ್ತೇವೆ. ಮೊದಲು ಬಸ್ ಕಂಡಕ್ಟರನ ಕೈಕಾಲು ಹಿಡಿದು ಕಳಿಸುತ್ತಿದ್ದೆವು. ಈ ಕಾರು ಬಂದ ಮೇಲೆ ಹಿಂದಿನ ಸೀಟು ಮಡಚಿ ಬುಟ್ಟಿಗಳನ್ನು ಸಾಲಾಗಿ ಇಡುತ್ತೇವೆ, ಅಳಿಯ ಕಚೇರಿಗೆ ಹೋಗುತ್ತ ಇಳಿಸಿ ಹೋಗುತ್ತಾನೆ. ಆ ಒಂದು ವಿಷಯದಲ್ಲಿ ಕಾರಿಗೆ ನಾನು ಹೆಸರಿಡುವುದಿಲ್ಲ.

ಆದರೆ ಖಡಕ್ ರೊಟ್ಟಿ ಇಡಿಯಾಗಿದ್ದರೆ ರೊಟ್ಟಿ. ಮುರಿದರೆ ಯಾರೂ ತಾಟಿಗೆ ಹಾಕಿಸಿಕೊಳ್ಳುವುದಿಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ರೊಟ್ಟಿ ಚೂರಾಗಿ ಸುರಪುರ ಮುಟ್ಟತೊಡಗಿತು. ಖಾನಾವಳಿ ನಡೆಸುವ ಹೆಂಗಸು ಎರಡು ಸಲ ಸುಮ್ಮನಿದ್ದಳು. ಮೂರನೆಯ ಸಲ ಅಳಿಯನ ಕೈಯಲ್ಲಿ ಹೇಳಿ ಕಳಿಸಿದಳು: ಮುಂದಿನ ವಾರವೂ ಹೀಗೇ ಬಂದರೆ ರಂಗಂಪೇಟೆಯವರಿಂದ ತಗೊಳ್ಳುತ್ತೇನೆ, ನೀವು ಕಳಿಸಬೇಡಿ. ಆ ಖಾನಾವಳಿ ಕೈಬಿಟ್ಟರೆ ನಮ್ಮ ಒಲೆಗೆ ಕೆಲಸವಿಲ್ಲ. ಮಗಳ ಮನೆಯಲ್ಲಿ ಕೂತು ಉಣ್ಣುವುದು ನನ್ನಿಂದಾಗದು. ಇಷ್ಟು ವರ್ಷ ಉಂಡಿಲ್ಲ.

ಕಾರಣ ಕಣ್ಣಿಗೆ ಕಾಣುತ್ತಿತ್ತು. ಆ ಕಾರಿನ ಗಾಲಿಯಲ್ಲಿ ರಿಮ್ಮೇ ದೊಡ್ಡದು, ಸುತ್ತಲಿನ ರಬ್ಬರು ಬಳೆಯಷ್ಟು ಸಪೂರ. ಅದೂ ಸವೆದು ಬೋಳಾಗಿತ್ತು. ರಸ್ತೆಯ ಕಲ್ಲು ಬಡಿದರೆ ಸೀದಾ ಬುಟ್ಟಿಗೇ ಬಡಿದ ಹಾಗೆ. ಟೈರು ಬದಲಿಸಬೇಕು ಅಂತ ಎಲ್ಲರೂ ಒಪ್ಪಿದೆವು. ಯಾವ ಟೈರು ಅನ್ನುವಲ್ಲಿ ನನ್ನ ಜೀವ ಹೈರಾಣಾಯಿತು.

ನಮ್ಮಲ್ಲಿ ಅತ್ತೆಯಾದವಳು ಅಳಿಯನ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ. ಈಗಿನವರು ಆಡುತ್ತಾರೆ, ಜೊತೆಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಆಗುವುದಿಲ್ಲ. ಅವರ ಮದುವೆಯಾದಂದಿನಿಂದ ಅವನಿಗೆ ಹೇಳುವುದನ್ನು ಮಗಳಿಗೆ ಹೇಳುತ್ತೇನೆ. ಮಗಳು ಇಲ್ಲದಿದ್ದರೆ ಗೋಡೆಗೆ, ಇಲ್ಲವೇ ಬೆಕ್ಕಿಗೆ. ಓಣಿಯವರನ್ನೆಲ್ಲ ಮುಖದ ಮೇಲೇ ಅನ್ನುವವಳಿಗೆ ಇದೆಂಥ ಶಿಕ್ಷೆ ಅಂತ ಯಾರೂ ಕೇಳಲಿಲ್ಲ.

ಅಳಿಯ ದಿನಾ ಸಂಜೆ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕೂರುತ್ತಿದ್ದ. ಈ ಟೈರು ತಿರುವಿನಲ್ಲಿ ನೆಲ ಬಿಡುವುದಿಲ್ಲವಂತೆ, ಈ ಟೈರು ಮಳೆಯಲ್ಲಿ ಜಾರುವುದಿಲ್ಲವಂತೆ. ನಮ್ಮ ಕಡೆ ಮಳೆ ಎಲ್ಲಿದೆ ಕೇಳು, ಅಂತ ಮಗಳಿಗೆ ಅಂದೆ. ಅವಳು ಕೇಳಿದಳು. ಜಾರುವುದಕ್ಕೆ ಒಂದು ಮಳೆ ಸಾಕು ಅಂತ ಹೇಳು ಅಂದ. ಅವಳು ಹೇಳಿದಳು. ಇಬ್ಬರಿಗೂ ಎಲ್ಲ ಕೇಳಿಸುತ್ತಿತ್ತು, ಆದರೂ ಎಲ್ಲವನ್ನೂ ಅವಳು ಇನ್ನೊಮ್ಮೆ ಹೇಳಬೇಕು. ಕೊನೆಗೆ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ನಾ ಏನ್ ನಿಮ್ಮಿಬ್ರ ನಡುವ ಪೋಸ್ಟಿನ ಡಬ್ಬಿ ಆಗೀನೇನು? ಇಬ್ರೂ ಯಾದಗಿರಿಗಿ ಹೋಗ್ರಿ. ಟೈರ್ ಹಾಕಿಸ್ಕೊಂಡೇ ಬರ್ರಿ.”

ಹೋದೆವು. ಅವನು ಮುಂದೆ, ನಾನು ಹಿಂದೆ. ಭೀಮಾ ನದಿಯ ಸೇತುವೆ ದಾಟಿ ಯಾದಗಿರಿ ಮುಟ್ಟಿದೆವು.

ಯಾದಗಿರಿಯ ಟೈರಿನ ಅಂಗಡಿಯವನು ಮಾತುಗಾರ. ಅಳಿಯ ಕೇಳಿದ ಸಪೂರ ಟೈರು ಅವನಲ್ಲಿ ಇರಲಿಲ್ಲ, ಹೈದರಾಬಾದಿನಿಂದ ತರಿಸಬೇಕು, ಯಾವಾಗ ಬರುತ್ತದೋ ಗೊತ್ತಿಲ್ಲ ಅಂದ. ಅಳಿಯ ತರಿಸಿರಿ ಅಂದ. ನಾನು ಸೆರಗು ಮುಂದಕ್ಕೆಳೆದುಕೊಂಡು ಅಂಗಡಿಯವನ ಕಡೆ ತಿರುಗಿದೆ.

“ಅಪ್ಪಾ, ನಮಗ ರೊಟ್ಟಿ ಮುರಿಲಾರದ ಟೈರ್ ಬೇಕು. ಅದು ಯಾವದು, ಅದನ್ನ ತೋರ್ಸು.”

“ಅವ್ವಾರ, ಟೈರ್ ಮ್ಯಾಲ ಹಂಗಂತ ಬರ್ದಿರಂಗಿಲ್ರಿ,” ಅಂದ.

ಆದರೂ ಒಂದು ದಾರಿ ಹೇಳಿದ. ಗಾಲಿಯ ರಿಮ್ಮು ಸಣ್ಣದು ಹಾಕಿ, ಅದರ ಮೇಲೆ ದಪ್ಪ ರಬ್ಬರಿನ ಟೈರು ಹಾಕಿದರೆ ಹೊರಗಿನ ಅಳತೆ ಅಷ್ಟೇ ಇರುತ್ತದೆ, ಏಟು ಮಾತ್ರ ಒಳಗೆ ಬರುವುದಿಲ್ಲ. ಎರಡೂ ಅಂಗಡಿಯಲ್ಲೇ ಇದ್ದವು. ಅಳಿಯ ಅವುಗಳನ್ನು ನೋಡಿ ಮುಖ ಸೊಟ್ಟ ಮಾಡಿದ.

“ಕುದರಿಗಿ ಎಮ್ಮಿ ಕಾಲ್ ಹಚ್ಚಿದಂಗ ಕಾಣ್ತದರಿ,” ಅಂತ ಅಂಗಡಿಯವನಿಗೆ ಹೇಳಿದ.

“ಎಮ್ಮಿ ಹಾಲಾರ ಕೊಡ್ತದ ಅಂತ ಹೇಳಪ್ಪ,” ಅಂದೆ. “ಕುದರಿ ಬರೇ ಲದ್ದಿ ಹಾಕ್ತದ.”

ಅತ್ತ ಇತ್ತ ತಿರುಗಿ ಅಂಗಡಿಯವನ ಕುತ್ತಿಗೆ ಸೋತಿತ್ತು. ಚಹಾ ತರಿಸಿದ. ಚಹಾ ಮುಗಿಯುವ ಹೊತ್ತಿಗೆ ಅಳಿಯನಿಗೂ ಲೆಕ್ಕ ತಿಳಿಯಿತು. ಹೈದರಾಬಾದಿನ ಟೈರು ಬರುವ ತನಕ ಖಾನಾವಳಿಯಾಕೆ ಕಾಯುವುದಿಲ್ಲ. ದಪ್ಪ ಟೈರು ಹಾಕಿಸಿದ, ಸತ್ತವರ ಮಣ್ಣಿಗೆ ಬಂದವನ ಮುಖ ಮಾಡಿಕೊಂಡು. ಹಳೆಯ ರಿಮ್ಮುಗಳನ್ನು ಮಾರಲು ಒಪ್ಪಲಿಲ್ಲ. ಈಗ ಅವು ನನ್ನ ಮಂಚದ ಕೆಳಗಿವೆ, ಕಸ ಗುಡಿಸಲು ಬಿಡುವುದಿಲ್ಲ.

ಮರುದಿನ ರೊಟ್ಟಿಯ ಜೊತೆ ನಾನೂ ಹೊರಟೆ. ಕಣ್ಣಾರೆ ನೋಡದೆ ನನಗೆ ನಂಬಿಕೆಯಿಲ್ಲ. ಬುಟ್ಟಿಗಳೇ ಹಿಂದೆಲ್ಲ ತುಂಬಿದ್ದರಿಂದ ಮುಂದೆ ಅವನ ಪಕ್ಕದಲ್ಲಿ ಕೂರಬೇಕಾಯಿತು. ಹಂಪು ಬಂತು, ಹೋಯಿತು, ಗೊತ್ತೇ ಆಗಲಿಲ್ಲ. ತಗ್ಗು ಬಂತು, ಬುಟ್ಟಿ ಅಲುಗಲಿಲ್ಲ. ನನಗೆ ಸಮಾಧಾನವಾಯಿತು. ಅಳಿಯನಿಗೂ ಆಯಿತು, ಅದೇ ತಪ್ಪಾಯಿತು. ಏಟು ತಾಗದ ಮೇಲೆ ಹೆದರಿಕೆ ಯಾತಕ್ಕೆ ಅಂತ ಅವನ ಕಾಲು ಒತ್ತುತ್ತಲೇ ಹೋಯಿತು. ಕಾಲುವೆಯ ಹತ್ತಿರದ ತಿರುವಿನಲ್ಲಿ ಕಾರು ನೆಲ ಕಚ್ಚಿ ತಿರುಗಿತು, ಬುಟ್ಟಿಗಳು ತಿರುಗಲಿಲ್ಲ, ಸೀದಾ ಜಾರಿ ಬದಿಗೆ ಬಡಿದವು. ಹಿಂದೆ ಚರ್ ಅಂದಿತು. ಆ ಸದ್ದು ನನಗೆ ಗೊತ್ತು.

ಹೇಳೋಣವೆಂದರೆ ಕಾರಿನಲ್ಲಿ ಮೂರನೆಯವರಿಲ್ಲ. ಮಗಳಿಲ್ಲ, ಅಂಗಡಿಯವನಿಲ್ಲ, ಬೆಕ್ಕೂ ಇಲ್ಲ. ಮುಂದೆ ಇನ್ನೊಂದು ತಿರುವು ಕಾಣುತ್ತಿತ್ತು. ಸೆರಗು ಹಿಂದಕ್ಕೆ ಸರಿಸಿ ಅವನ ಮುಖ ನೋಡಿದೆ.

“ಸಾವಕಾಶ ಹೊಡೀರಿ. ಟೈರ್ ನಿಮ್ಮ ಮಾತ್ ಕೇಳ್ತಾವ, ರೊಟ್ಟಿ ಕೇಳಂಗಿಲ್ಲ.”

ಅವನು ಬದಿಗೆ ಹಾಕಿ ನಿಲ್ಲಿಸಿದ. ಸ್ಟೇರಿಂಗ್ ಬಿಟ್ಟು ನನ್ನ ಕಡೆ ತಿರುಗಿದ.

“ಅತ್ತೀ, ನೀವು ನಂಗ ಮಾತಾಡಿದ್ರೇನ್ರೀ?”

“ಮತ್ತ ಯಾರಿಗಿ ಆಡ್ಲಿ? ಇಳೀರಿ, ಬುಟ್ಟಿ ನೋಡ್ರಿ.”

ಬದಿಗೆ ಬಡಿದ ಬುಟ್ಟಿಯ ಮೇಲಿನ ರೊಟ್ಟಿಗಳು ಹೋಗಿದ್ದವು, ಉಳಿದವು ಇಡಿಯಾಗಿದ್ದವು. ಮುರಿದದ್ದನ್ನು ಅವನೇ ಆರಿಸಿ ತೆಗೆದ. ಬುಟ್ಟಿ ಜಾರದಂತೆ ನಡುವೆ ಕಂಬಳಿ ತುರುಕಿದ. ಅಲ್ಲಿಂದ ಸುರಪುರಕ್ಕೆ ಎತ್ತಿನ ಗಾಡಿಯ ಹಾಗೆ ಹೋದೆವು.

ಖಾನಾವಳಿಯಾಕೆ ಬುಟ್ಟಿಯ ತಳದ ತನಕ ಕೈಹಾಕಿ ನೋಡಿದಳು. “ಆಯಿ, ಇವತ್ತ ಬರೋಬ್ಬರಿ ಬಂದಾವ,” ಅಂದಳು. “ನೀ ಕುಂತ ಬಂದಿ, ಅದಕ್ಕ ಹಿಂಗ ಬಂದಾವ. ದಿನಾ ನೀನ ಬರೋದಿದ್ರ ತಗೊಂತೀನಿ. ಈ ಸಾಹೇಬ್ರನ್ನೊಬ್ರನ್ನ ಕಳಸ್ಬ್ಯಾಡ.”

ಒಲೆ ಉಳಿಯಿತು. ನನ್ನ ಬೆಳಗು ಹೋಯಿತು. ಈಗ ದಿನಾ ಅವನ ಪಕ್ಕದಲ್ಲಿ ಕೂತು ಸುರಪುರಕ್ಕೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತೇನೆ. ಒಮ್ಮೆ ಮುಖ ನೋಡಿ ಮಾತಾಡಿದ ಮೇಲೆ ಮತ್ತೆ ಗೋಡೆಗೆ ಹೇಳಲು ಬರುವುದಿಲ್ಲ, ಅವನೂ ಬಿಡುವುದಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಟೈರಿನ ಪುರಾಣವೆಲ್ಲ ಈಗ ನನ್ನ ಕಿವಿಗೆ. ಮೊನ್ನೆ, ಇನ್ನೂ ಮೆತ್ತಗಾಗಲು ಟೈರಿನ ಹವಾ ಸ್ವಲ್ಪ ಕಡಿಮೆ ಮಾಡಿಸಲೇ ಅತ್ತೀ ಅಂತ ಕೇಳಿದ. ಮಾಡಿಸಿರಿ ಅಂದೆ. ಎಷ್ಟು ಅಂದ. ನನ್ನನ್ನೇನು ಕೇಳುತ್ತೀರಿ, ಹವಾ ಹಾಕುವವನನ್ನು ಕೇಳಿರಿ ಅಂದೆ. ಆಗಲೇ ದಾರಿಯಲ್ಲಿ ಗಾಡಿ ನಿಲ್ಲಿಸಿ ಕೇಳಲು ಹೋದ. ಅವರಿಬ್ಬರ ಟೈರಿನ ಮಾತು ಬೇಗ ಮುಗಿಯಲಿಲ್ಲ. ರೊಟ್ಟಿ ಒಂದೂ ಮುರಿಯಲಿಲ್ಲ. ಊಟದ ಹೊತ್ತು ಮೀರಿ ಖಾನಾವಳಿ ಮುಟ್ಟಿದವು.