ಕ್ಯಾಪ್ಟನ್ನರಿಗೆ ಗಂಧದ ಮಾಲೆ

ಬಹರೈನಿನ ಮನಾಮಾದಲ್ಲಿರುವ ನಮ್ಮ ಫ್ರೇಮಿನ ಅಂಗಡಿಗೆ ಒಮ್ಮೆ ಐರ್ಲೆಂಡಿನವರೊಬ್ಬರು ಬಂದರು. ತಮ್ಮ ಪ್ರಾಂತ್ಯದ ರಗ್ಬಿ ತಂಡದ ಚರಿತ್ರೆಯನ್ನು ಇಲ್ಲಿನ ಕ್ಲಬ್ಬಿನ ಗೋಡೆಗೆ ಹಾಕಬೇಕೆಂದು ಏಳು ಹಳೇ ಕ್ಯಾಪ್ಟನ್ನರ ಕಪ್ಪು-ಬಿಳುಪು ಪಟ ಕೊಟ್ಟು ಹೋದರು. ಕೆಸರು ಮೆತ್ತಿದ ಮುಖ, ಸೊಟ್ಟ ಮೂಗು. ಆದರೂ ಎಲ್ಲರದೂ ಒಳ್ಳೇ ನಗು. ಹಿರಿಯರ ಪಟವನ್ನು ಬರಿದಾಗಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಫ್ರೇಮು ಹಾಕಿ, ಏಳಕ್ಕೂ ಗಂಧದ ಮಾಲೆ ತೊಡಿಸಿ, ಇವರಿಗೆ ಸದ್ಗತಿ ಕೊಡಪ್ಪಾ ಎಂದು ಕೈಮುಗಿದೆ.

ಪಟ ಒಯ್ಯಲು ಬಂದವರು ಕೋಲೂರಿಕೊಂಡ ಒಬ್ಬ ಮುದುಕರು. ಅವರ ಮೂಗು ನೋಡಿದೊಡನೆ ಪಟಗಳತ್ತ ತಿರುಗಿದೆ. ಐದನೆಯ ಪಟದ್ದೇ ಮೂಗು! ಜತೆಗಿದ್ದ ಅವರ ಡ್ರೈವರ್ ಉಡುಪಿಯವನು. "ಎಂತ ಮಾಡಿದ್ದು ಮಾರಾಯ್ರೆ? ಇವರು ಜೀವಂತ ಇದ್ದಾರಲ್ಲ!" ಎಂದು ಪಿಸುಗುಟ್ಟಿದ.

ಮುದುಕರು ಮಾಲೆಯನ್ನು ಮೂಸಿ, "ಇದೇಕೆ?" ಎಂದರು.

ಸುಳ್ಳು ಹೇಳುವುದು ನನ್ನಿಂದಾಗದು. "ಸಾರ್, ನಮ್ಮಲ್ಲಿ ತೀರಿಹೋದವರ ಪಟಕ್ಕೆ ಹಾಕುತ್ತೇವೆ. ತಪ್ಪಾಯಿತು" ಎಂದು ತೆಗೆಯಹೋದೆ.

ಅವರು ಕೋಲು ಅಡ್ಡ ಹಿಡಿದರು. "ಬೇಡ, ಇರಲಿ. ಉಳಿದ ಆರು ಜನರೂ ಹೋದರು. ನನ್ನದೊಂದನ್ನೇ ತೆಗೆದರೆ ತಂಡದಿಂದ ಕೈಬಿಟ್ಟ ಹಾಗಾಗುತ್ತದೆ."

ಅಂದಿನಿಂದ ಬೆಳಗಿನ ಪೂಜೆಯಲ್ಲಿ ನನ್ನದೊಂದು ನಮಸ್ಕಾರ ಹೆಚ್ಚಾಗಿದೆ. ಆರು ಜನರಿಗೆ ಕೇಳಿದ್ದನ್ನು ಕೊಡಪ್ಪಾ, ಐದನೆಯವರ ಅರ್ಜಿಯನ್ನು ಮಾತ್ರ ಸ್ವಲ್ಪ ನಿಧಾನಕ್ಕೆ ನೋಡು.