ಗಾಜಿನೊಳಗಿನ ಹೆಜ್ಜೆ

ನನ್ನ ವಾರಗಿತ್ತಿ ಅಮಿತಾಳ ಪಾದಗಳ ಮೇಲೆ ನನಗಿದ್ದಷ್ಟು ಹೊಟ್ಟೆಕಿಚ್ಚು ಅವಳ ಒಡವೆಗಳ ಮೇಲೂ ಇರಲಿಲ್ಲ. ಮುಚ್ಚಿಟ್ಟು ಏನು ಮಾಡಲಿ?

ನಾವು ಗದುಗಿನ ಕಡೆಯವರು. ಮಾವನವರ ರೈಲ್ವೆ ನೌಕರಿಯಿಂದ ನಾಗಪುರದವರಾದೆವು. ಇಲ್ಲಿಯ ಮನೆಗಳನ್ನು ನೋಡಿ ಅತ್ತೆ ಕಾಶಿಬಾಯಿ ಒಂದು ಪದ್ಧತಿ ಕಲಿತಿದ್ದರು. ಮನೆ ತುಂಬುವ ಸೊಸೆ ಕುಂಕುಮದ ನೀರಿನಲ್ಲಿ ಕಾಲಿಟ್ಟು, ಬಿಳಿ ಬಟ್ಟೆಯ ಮೇಲೆ ನಡೆದು ಒಳಗೆ ಬರಬೇಕು. ನಾನು ನಡೆದಾಗ ನನ್ನ ಚಪ್ಪಟೆ ಪಾದ ರೊಟ್ಟಿ ತಟ್ಟಿದ ಹಾಗೆ ಪೂರಾ ಮೂಡಿತು. ಅತ್ತೆ ಬಟ್ಟೆ ಮಡಚಿ ಟ್ರಂಕಿಗೆ ಹಾಕಿದರು. ಐದು ವರ್ಷದ ನಂತರ ಮೈದುನ ಕಲ್ಲೇಶನ ಹೆಂಡತಿಯಾಗಿ ಅಮಿತಾ ಬಂದಳು. ಮುಂಗಾಲು, ಹಿಮ್ಮಡಿ, ನಡುವೆ ಹೊರಬದಿಗೆ ಒಂದು ಸಣ್ಣ ಗೆರೆ, ಅಷ್ಟೇ ಮೂಡಿದ್ದು. ಲಕ್ಷ್ಮಿಯ ಪಾದವೆಂದು ಅತ್ತೆ ನೆರೆಹೊರೆಗೆಲ್ಲ ತೋರಿಸಿ, ಆ ಬಟ್ಟೆಗೆ ಗಾಜಿನ ಫ್ರೇಮು ಹಾಕಿಸಿ, ಬಾಗಿಲ ಎದುರಿನ ಗೋಡೆಗೆ ತೂಗುಹಾಕಿದರು. ಏಳು ವರ್ಷ ಆ ಗಾಜು ಒರೆಸಿದವಳು ನಾನು.

ಆ ಲಕ್ಷ್ಮಿ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಎಂಟು ತಾಸು ನಿಂತು ಬಿಸ್ಕತ್ತು ತುಂಬುತ್ತಿದ್ದಳು. ಈ ವರ್ಷ ಖಾಯಂ ಆಗುವುದಿತ್ತು, ಅದೊಂದೇ ಅವಳ ಜಪ. ಸಂಜೆ ಬಂದವಳೇ ಮೀನಖಂಡ ಒತ್ತಿಕೊಳ್ಳುತ್ತಿದ್ದಳು. ಸಪಾಟು ನೆಲದಲ್ಲೂ ಪಾದ ಹೊರಕ್ಕೆ ಹೊರಳಿ ಎರಡು ಸಲ ಬಿದ್ದಿದ್ದಳು. ದೃಷ್ಟಿ ತಾಗಿದೆ ಎಂದು ಅತ್ತೆ ಮೆಣಸಿನಕಾಯಿ ನಿವಾಳಿಸಿದರು, ನನ್ನ ಕಡೆ ನೋಡುತ್ತಲೇ. ನೋಡಿದ್ದು ತಪ್ಪೇನೂ ಅಲ್ಲ ಬಿಡಿ.

ಎರಡು ವರ್ಷದ ಹಿಂದೆ ಅವಳ ಚಪ್ಪಲಿ ಹೊಲಿಸಲು ಮನೀಶ್ ನಗರದ ಮೋಚಿಯ ಬಳಿ ಹೋಗಿದ್ದೆ. ಅವನು ತಿರುವಿ ತೋರಿಸಿದ. ಎರಡರದೂ ಹೊರಗಿನ ಅಂಚು ಮಾತ್ರ ಸವೆದುಹೋಗಿತ್ತು. ಈಕೆ ಪಾದದ ಬದಿಯ ಮೇಲೆ ನಡೆಯುತ್ತಾಳೆ, ಒಂದು ದಿನ ಕಾಲು ಕೆಡಿಸಿಕೊಳ್ಳುತ್ತಾಳೆ, ಡಾಕ್ಟರಿಗೆ ತೋರಿಸಿ ಎಂದ. ಹೇಳಬೇಕೆಂದೇ ಮನೆಗೆ ಬಂದೆ. ಅತ್ತೆ ಗೋಡೆಯ ಹೆಜ್ಜೆಗೆ ಹೂ ಏರಿಸುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಹೊರಳಲಿ ಅಂದುಕೊಂಡು ಅಡಿಗೆಮನೆಗೆ ಹೋದೆ.

ಹೋದ ದೀಪಾವಳಿಯ ಮುಂಚೆ ಕಾರ್ಖಾನೆಯಲ್ಲೇ ಮೂರನೆಯ ಸಲ ಬಿದ್ದಳು. ಕಾಲಿನ ಹರಡು ಬದನೆಕಾಯಿಯಂತೆ ಊದಿತು. ವಾರದೊಳಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಹೇಳಿ ಕಳಿಸಿದ. ಕಲ್ಲೇಶನಿಗೆ ದೂರದ ಬುಟಿಬೋರಿಯ ಕಾರ್ಖಾನೆಯಲ್ಲಿ ಪಾಳಿ. ಹಾಗಾಗಿ ಅವಳನ್ನು ಫಿಸಿಯೋಥೆರಪಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬಂತು. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಊತ ಇಳಿದ ಮೇಲೆ ಒದ್ದೆ ಕಾಲಿನ ಅಚ್ಚು ತೆಗೆದು ನೋಡೋಣ ಎಂದರು ಅಲ್ಲಿಯ ಡಾಕ್ಟರ್ ರಚನಾ. ಅಚ್ಚು ಮನೆಯಲ್ಲೇ ಇದೆ ಎಂದೆ ನಾನು.

ಮರುದಿನ ಅತ್ತೆ ಬೇಡವೆಂದರೂ ಫ್ರೇಮು ಇಳಿಸಿ, ಅಮಿತಾಳ ಜೊತೆ ಅದನ್ನೂ ಆಟೋದಲ್ಲಿ ಒಯ್ದೆ. ಹಿಗ್ಗಿನಿಂದಲೇ ಒಯ್ದೆ. ಡಾಕ್ಟರ್ ಗಾಜಿನ ಮೇಲೆ ಬೆರಳಾಡಿಸಿದರು. ಪಾದದ ಕಮಾನು ಬಹಳ ಎತ್ತರ, ಮೈಭಾರವೆಲ್ಲ ಹೊರಬದಿಗೆ ಬೀಳುತ್ತದೆ, ಅದಕ್ಕೇ ಹೊರಳುತ್ತದೆ ಎಂದರು. ಮೆತ್ತನೆಯ ಬೂಟು, ಹೊರಬದಿ ತುಸು ಎತ್ತರಿಸಿದ ಒಳಅಟ್ಟೆ, ನೋವು ಇಳಿದ ಮೇಲೆ ಗೋಡೆಗೆ ಕೈ ಕೊಟ್ಟು ಮೀನಖಂಡ ಹಿಗ್ಗಿಸುವುದು, ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ. ಚಪ್ಪಟೆ ಪಾದದವರ ಅಟ್ಟೆ ಹಾಕಿದರೆ ಇನ್ನೂ ಹೊರಳೀತು ಎಂದು ನನ್ನ ಕಾಲು ನೋಡಿ ಎಚ್ಚರಿಸಿದರು. ಆರು ವಾರ ನಿಂತು ಮಾಡುವ ಕೆಲಸ ಕೂಡದು. ಎರಡು ವರ್ಷ ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದೂ ಅಂದರು.

ಆರು ವಾರವೆಂದರೆ ಕೆಲಸ ಹೋದ ಹಾಗೆಯೇ. ಆಟೋದಲ್ಲಿ ಅಮಿತಾ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ವರ್ಧಾ ರಸ್ತೆ ಬಂದಾಗ ನನ್ನ ಕೈ ಹಿಡಿದಳು.

"ಜಯಕ್ಕಾ, ಏಳು ವರ್ಷ ಎಲ್ಲಾರೂ ನನ್ನ ಕಾಲಿಗೆ ಕೈ ಮುಗದ್ರು. ಬರೋಬರ್ ನೋಡಿದವ್ರು ನೀವೊಬ್ರ."

ಈಗ ಅವಳು ಬೂಟು ಹಾಕಿಕೊಂಡು ಬೇರೆ ಕೆಲಸ ಹುಡುಕುತ್ತಿದ್ದಾಳೆ. ಬೆಳಿಗ್ಗೆ ಒಂಟಿ ಕಾಲಲ್ಲಿ ನಿಲ್ಲುವಾಗ ನನ್ನ ಹೆಗಲೇ ಅವಳಿಗೆ ಆಸರೆ. ಮೋಚಿ ಹೇಳಿದ ಮಾತನ್ನು ಅವಳಿಗೆ ಇನ್ನೂ ಹೇಳಿಲ್ಲ.