ತಾಕತ್ತಿನ ಸೂಜಿ

ಸೂಜಿ ಎಂದರೆ ಜನ ಹೆದರುತ್ತಾರಂತೆ. ನಮ್ಮ ಚಿಕ್ಕೋಡಿ ಕಡೆಯವರನ್ನು ನೋಡದೆ ಯಾರೋ ಆಡಿದ ಮಾತಿರಬೇಕು. ನಮಗೆ ಸೂಜಿಯ ಮೇಲೆ ಪ್ರೀತಿ. ಗುಳಿಗೆ ಬರೆದು ಕಳಿಸುವ ಡಾಕ್ಟರರನ್ನು ನಾವು ಅಷ್ಟಾಗಿ ನಂಬುವುದಿಲ್ಲ. "ಬರೇ ಗುಳಿಗಿ ಕೊಟ್ಟ ಕಳಸ್ಯಾನ" ಎಂದು ದಾರಿಯುದ್ದಕ್ಕೂ ಗೊಣಗುತ್ತ ಬರುತ್ತೇವೆ. ನಾನೂ ಅದೇ ಪಂಗಡದವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು, ಮೂಢನಂಬಿಕೆಯ ಮೇಲೆ ಮಕ್ಕಳಿಂದ ಎಷ್ಟೋ ಪ್ರಬಂಧ ಬರೆಸಿದವನು. ಆದರೂ ಮೈ ಭಾರ ಅನಿಸಿದ ದಿನ ಅಂಗಿಯ ತೋಳು ಮಡಚಿಕೊಂಡೇ ದವಾಖಾನೆಯ ಮೆಟ್ಟಿಲು ಹತ್ತುತ್ತೇನೆ.

"ಏನಾಗೇತ್ರಿ ಸರ?"

"ಏನಿಲ್ರಿ, ಸ್ವಲ್ಪ ವಿಕನೆಸ್. ಒಂದ ತಾಕತ್ತಿನ ಸೂಜಿ ಮಾಡಿಬಿಡ್ರಿ."

ಚುಚ್ಚಿದ ಜಾಗ ಉರಿದಷ್ಟೂ ಔಷಧಿ ಒಳ್ಳೆಯದೆಂಬ ಸಮಾಧಾನ. ಮನೆಗೆ ಬರುವಷ್ಟರಲ್ಲಿ ನನ್ನ ನಡಿಗೆಯೇ ಬೇರೆಯಾಗಿರುತ್ತದೆ. ಹೆಂಡತಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ದಾರ್ಯಾಗ ಚಾ ಕುಡದ ಬಂದಿರಬೇಕು" ಅನ್ನುತ್ತಾಳೆ.

ಕನ್ನಡ ಮಾಸ್ತರನಾಗಿ ನನಗೆ ಈ 'ತಾಕತ್ತಿ'ನ ಮೇಲೆ ಒಂದು ಕಾಲದಲ್ಲಿ ತಕರಾರಿತ್ತು. ಬಲ ಇದೆ, ಶಕ್ತಿ ಇದೆ, ಕಸುವು ಎಂಬ ಚೆಲುವಾದ ಮಾತಿದೆ. ಅದು ಹೊಲದ ಮಣ್ಣಿಗೂ ಒಪ್ಪುತ್ತದೆ, ಆಳಿನ ರಟ್ಟೆಗೂ ಒಪ್ಪುತ್ತದೆ. ತ್ರಾಣ ಎಂಬುದು ಸಂಸ್ಕೃತದಲ್ಲಿ ಕಾಪಾಡುವುದು ಎಂದಿತ್ತು, ನಮ್ಮಲ್ಲಿಗೆ ಬಂದು ಮೈಯ ಬಲವಾಗಿಬಿಟ್ಟಿತು. ಇಷ್ಟೆಲ್ಲ ಇರುವಾಗ ಉರ್ದು, ಮರಾಠಿ ಸುತ್ತಿ ಬಂದ ತಾಕತ್ತು ಯಾಕೆ? ಆಮೇಲೆ ಗಮನಿಸಿದೆ, ನಾವು ಈ ಮಾತನ್ನು ಬಳಸುವ ರೀತಿಯೇ ಬೇರೆ. ಮೈಯಲ್ಲಿ ಬಲ ಇರುವವನ ಬಾಯಲ್ಲಿ ತಾಕತ್ತಿನ ಸೂಜಿಯ ಸುದ್ದಿ ಬರುವುದಿಲ್ಲ. ಬಾಣಂತಿಗೆ ಅದು ಬೇಕು, ಜ್ವರ ಬಿಟ್ಟವನಿಗೆ ಬೇಕು, ಈದು ಸೊರಗಿದ ಎಮ್ಮೆಗೆ ಬೇಕು. ಹಳದಿಗೆ ತಿರುಗಿದ ಕಬ್ಬಿಗೂ ತಾಕತ್ತಿನ ಔಷಧಿ ಹೊಡೆಯುತ್ತೇವೆ. ಇದ್ದುದಕ್ಕಿಂತ ಹೆಚ್ಚು ಬರಲಿ ಎಂದಲ್ಲ, ಹೋದದ್ದು ತಿರುಗಿ ಬರಲಿ ಎಂದು. ನಮ್ಮಲ್ಲಿ ವಿಕನೆಸ್ಸಿನ ಸೂಜಿ, ತಾಕತ್ತಿನ ಸೂಜಿ ಎರಡೂ ಒಂದೇ ಸೂಜಿ.

ಈ ಒಂದು ಮಾತಿನ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ತ್ರಿಶಲಾ. ಏಕಸಂಬಿ ರಸ್ತೆಯಲ್ಲಿ ಕಬ್ಬಿನ ಹೊಲವಿರುವ ಅಣ್ಣಾಸಾಬರ ಮಗಳು, ನನ್ನ ವಿದ್ಯಾರ್ಥಿನಿ. ಜೈನರ ಮನೆ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುತ್ತಾರೆ, ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೆ, ಉಳ್ಳಾಗಡ್ಡಿ ಒಳಗೆ ಬರುವುದಿಲ್ಲ. ಅಂಥ ಮನೆಯ ಹುಡುಗಿ ಶಾಲೆಗೆ ಸೈಕಲ್ ಮೇಲೆ ಬರುತ್ತ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತಿದ್ದಳು. ಡ್ರೈವರುಗಳು ರೇಗಿಸಲೆಂದು ಹಾಡಿನ ಸದ್ದು ಏರಿಸಿದರೆ ಇವಳು ಸೈಕಲ್ಲಿನ ವೇಗ ಏರಿಸುವಳು. ಕನ್ನಡದಲ್ಲಿ ಸಾಧಾರಣ. ಸಂಧಿ ಬಿಡಿಸಲು ಹೇಳಿದರೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಸುತ್ತಲಿನ ಊರುಗಳ ಸೈಕಲ್ ಶರ್ಯತ್ತುಗಳಲ್ಲಿ ಗೆದ್ದಳು, ಕ್ರೀಡಾ ಹಾಸ್ಟೆಲ್ಲಿಗೆ ಹೋದಳು, ರಾಷ್ಟ್ರಮಟ್ಟದಲ್ಲಿ ಪದಕ ತಂದಳು. ನಮ್ಮ ಗಡಿಯಲ್ಲಿ ಓಟದ ಪಂದ್ಯಕ್ಕೆ ಶರ್ಯತ್ತು ಅನ್ನುತ್ತಾರೆ, ಗ್ರಂಥದ ಕನ್ನಡದಲ್ಲಿ ಷರತ್ತು ಎಂದರೆ ಕರಾರು. ಎರಡೂ ಒಂದೇ ತಾಯಿಯ ಮಕ್ಕಳೆಂದು ನಾನು ತರಗತಿಯಲ್ಲಿ ಹೇಳಿದಾಗ ನಕ್ಕವರಲ್ಲಿ ಅವಳೂ ಇದ್ದಳು. ಕೊನೆಗೆ ಯುರೋಪಿನ ಒಂದು ವೃತ್ತಿಪರ ಸೈಕಲ್ ತಂಡದವರು ಮುಂದಿನ ಹಂಗಾಮಿಗೆ ಬಂದು ಸವಾರಿ ಮಾಡಿ ತೋರಿಸು ಎಂದು ಕರೆದರು. ಊರಿನಲ್ಲಿ ಬ್ಯಾನರ್ ಕಟ್ಟಿದರು. ನಾನು ಮೊಬೈಲಿನಲ್ಲಿ ಫ್ರಾನ್ಸಿನ ಬೆಟ್ಟದ ರೇಸುಗಳನ್ನು ನೋಡಲು ಶುರು ಮಾಡಿದೆ. ಮನೆ ಮುಂದಿನ ದಿಬ್ಬವನ್ನು ಸ್ಕೂಟರಿನಲ್ಲಿ ಹತ್ತಲು ಹಿಂಜರಿಯುವವನು ಆಲ್ಪ್ಸ್ ಪರ್ವತದ ಏರಿನ ಬಗ್ಗೆ ಮಂದಿಗೆ ತಿಳಿಹೇಳತೊಡಗಿದೆ.

ನೋಡುತ್ತ ಹೋದಂತೆ ಆ ಲೋಕದ ಇನ್ನೊಂದು ಮುಖವೂ ಕಂಡಿತು. ದಮ್ಮು ಹೆಚ್ಚಲೆಂದು ಸ್ವಂತ ರಕ್ತವನ್ನೇ ತೆಗೆದು ಫ್ರಿಜ್ಜಿನಲ್ಲಿಟ್ಟು, ರೇಸಿನ ಹೊತ್ತಿಗೆ ಮತ್ತೆ ಏರಿಸಿಕೊಂಡವರಿದ್ದರಂತೆ. ಗೆದ್ದವರ ಬಿರುದು ಎಷ್ಟೋ ವರ್ಷದ ಮೇಲೆ ಕಿತ್ತುಕೊಂಡದ್ದುಂಟು. ಆಗ ಎರಡನೆಯವನಾಗಿದ್ದವನಿಗೆ ಪದಕ ಬಂದರೂ ಚಪ್ಪಾಳೆ ತಟ್ಟಲು ಎದುರಿಗೆ ಯಾರೂ ಇರುವುದಿಲ್ಲ. ರಜೆಗೆ ಬಂದ ತ್ರಿಶಲಾಳನ್ನು ಕೇಳಿದೆ, "ಅಲ್ಲೆ ಎಲ್ಲಾರೂ ಔಷಧಿ ತಗೋತಾರಂತಲ್ಲವಾ?"

"ಎಲ್ಲಾರೂ ಅನಬ್ಯಾಡ್ರಿ ಸರ. ತಗೊಳ್ಳದವರ ಸುದ್ದಿ ಪೇಪರಿನ್ಯಾಗ ಬರೂದಿಲ್ಲ, ಅಷ್ಟ."

ಆ ಸಲದ ರಜೆಯಲ್ಲೇ ಅವಳಿಗೆ ಜ್ವರ ಬಂತು. ಬಿಟ್ಟ ಮೇಲೂ ಏಳಲಾಗದಷ್ಟು ನಿತ್ರಾಣ. ಮುಂದೆ ರಾಷ್ಟ್ರೀಯ ರೇಸ್ ಇತ್ತು. ಅಣ್ಣಾಸಾಬರು ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಪರಿಚಯದ ಡಾಕ್ಟರರ ಹತ್ತಿರ ಹೋದರು; ನಾನಾಗಿದ್ದರೂ, ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು. ತಾಕತ್ತಿನ ಸೂಜಿ ಮಾಡ್ರಿ ಅಂದರು. ಮಾಡಿದರು. ಯಾವ ಔಷಧಿ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಚೀಟಿ ಬರೆದುಕೊಡುವ ರೂಢಿ ಅಲ್ಲಿ ಇರಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ ತ್ರಿಶಲಾ ಅದನ್ನು ಬಿ-ಕಾಂಪ್ಲೆಕ್ಸ್ ಎಂದುಕೊಂಡಳು. ರೇಸಿನಲ್ಲಿ ಎರಡನೆಯವಳಾಗಿ ಬಂದಳು. ಪರೀಕ್ಷೆಗೆ ಕೊಟ್ಟ ಮೂತ್ರದಲ್ಲಿ ನಿಷೇಧಿತ ಸ್ಟಿರಾಯ್ಡ್ ಸಿಕ್ಕಿತು. ಸೊರಗಿದ ಮುದುಕರಿಗೆ ಮೈ ತುಂಬಲೆಂದು ಕೆಲವು ಡಾಕ್ಟರರು ಕೊಡುವ ಔಷಧಿ ಅದು ಎಂದು ಆಮೇಲೆ ತಿಳಿಯಿತು.

ನಿಯಮ ಬಹಳ ನೇರವಾಗಿದೆ. ನಿನ್ನ ಮೈಯೊಳಗೆ ಏನು ಸಿಕ್ಕರೂ ಹೊಣೆ ನಿನ್ನದೇ. ಬೇಕೆಂದೇ ತೆಗೆದುಕೊಂಡಿದ್ದರೆ ನಾಲ್ಕು ವರ್ಷ ನಿಷೇಧ. ಬೇಕೆಂದು ಅಲ್ಲ ಎಂದು ತೋರಿಸಿಕೊಟ್ಟರೆ ಅದರ ಅರ್ಧ. ಅರ್ಧವಾದರೆ ಇನ್ನೂ ಕಾಲಿನಲ್ಲಿ ಕಸುವಿರುವಾಗ ಮರಳಬಹುದು, ಆ ತಂಡ ಅಲ್ಲದಿದ್ದರೆ ಇನ್ನೊಂದು. ಡಾಕ್ಟರರು ನೆನಪಿಲ್ಲ ಎಂದುಬಿಟ್ಟರು. ಉಳಿದದ್ದು ಅಪ್ಪನ ಸಾಕ್ಷಿ ಒಂದೇ. ದಿಲ್ಲಿಯಲ್ಲಿ ಕೂತ ಸಮಿತಿ ವಿಡಿಯೋದಲ್ಲಿ ವಿಚಾರಣೆ ನಡೆಸಿತು. ನಮ್ಮ ಮನೆಯಲ್ಲಿ ನೆಟ್ ಚೆನ್ನಾಗಿರುವುದರಿಂದ ಅಪ್ಪ, ಮಗಳು ಇಬ್ಬರೂ ನಮ್ಮ ಪಡಸಾಲೆಯಲ್ಲೇ ಕೂತರು.

ಅಣ್ಣಾಸಾಬರು ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದಿದ್ದರು. ಕನ್ನಡದಲ್ಲೇ ಹೇಳಿ, ತರ್ಜುಮೆ ಮಾಡುವವರಿದ್ದಾರೆ ಎಂದರೂ ಕೇಳಲಿಲ್ಲ. "ದೊಡ್ಡ ಮಂದಿ ಅದಾರ, ಅವರ ಭಾಷಾದಾಗ ಮಾತಾಡಿದ್ರ ಛಲೋ" ಎಂದರು. ಸೂಜಿ ಯಾಕೆ ಮಾಡಿಸಿದಿರಿ ಎಂದು ಸಮಿತಿಯವರು ಹಿಂದಿಯಲ್ಲಿ ಕೇಳಿದರು. ಅಣ್ಣಾಸಾಬರು ಎದ್ದು ನಿಂತರು.

"ತಾಕತ್ ಕೆ ಲಿಯೇ, ಸಾಬ್. ಮೈನೇಚ್ ಬೋಲಾ, ಪೋರಿ ಕೋ ತಾಕತ್ ಕಾ ಸುಯೀ ಕರೋ. ರೇಸ್ ಹೈ, ಬೋಲಾ."

ತಾಕತ್ತಿಗಾಗಿ ಸಾಹೇಬರೇ, ನಾನೇ ಹೇಳಿದೆ, ಹುಡುಗಿಗೆ ತಾಕತ್ತಿನ ಸೂಜಿ ಮಾಡಿ, ರೇಸ್ ಇದೆ ಎಂದು. ನಮ್ಮ ಪಡಸಾಲೆಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ಸೊರಗಿದ ಮಗಳು ಎದ್ದು ನಿಲ್ಲಲಿ ಎಂದು. ದಿಲ್ಲಿಯಲ್ಲಿ ಅದು ರೇಸ್ ಗೆಲ್ಲಲು ಬಲದ ಔಷಧಿ ಚುಚ್ಚಿಸಿದೆ ಎಂಬ ತಪ್ಪೊಪ್ಪಿಗೆಯಾಯಿತು. ತ್ರಿಶಲಾ ಅಪ್ಪನ ತೋಳು ಹಿಡಿದು ಎಳೆದಳು, ಅವರು ಕೂರಲಿಲ್ಲ. ಪರದೆಯ ಇನ್ನೊಂದು ಮೂಲೆಯಲ್ಲಿದ್ದ ಅವಳ ವಕೀಲರು ಜ್ವರದ ಮಾತು ಎತ್ತಿ ಎಷ್ಟು ವಿವರಿಸಿದರೂ ಸಮಿತಿಯವರು ತಿರುತಿರುಗಿ ಅದೇ ವಾಕ್ಯಕ್ಕೆ ಬಂದರು.

ಅಣ್ಣಾಸಾಬರು ದಿನಕ್ಕೆ ಹತ್ತು ಸಲ 'ವಿಕನೆಸ್' ಅನ್ನುವ ಮನುಷ್ಯ. ಹೆಂಡತಿಗೆ ವಿಕನೆಸ್, ಎತ್ತಿಗೆ ವಿಕನೆಸ್, ಮೊಬೈಲಿನ ಬ್ಯಾಟರಿಗೂ ವಿಕನೆಸ್. ಆ ಇಂಗ್ಲಿಷ್ ಮಾತೊಂದನ್ನು ಅಂದು ಆಡಿದ್ದರೆ ಸಮಿತಿಯವರಿಗೆ ತಿಳಿಯುತ್ತಿತ್ತೇನೋ. ದೊಡ್ಡವರ ಮುಂದೆ ಶುದ್ಧ ಹಿಂದಿ ಆಡಬೇಕೆಂಬ ಮರ್ಯಾದೆಯಲ್ಲಿ ಅದು ನಾಲಗೆಗೆ ಬರಲಿಲ್ಲ.

ನಾಲ್ಕು ವರ್ಷದ ನಿಷೇಧವೇ ಆಯಿತು. ತಂಡದವರು ಕರೆ ಹಿಂತೆಗೆದುಕೊಂಡರು, ಪದಕ ವಾಪಸು ಹೋಯಿತು, ಬ್ಯಾನರನ್ನು ಯಾರೋ ಬಿಚ್ಚಿದರು. ನೀರು ಸೋಸಿ ಕುಡಿಯುವ ಮನೆಯ ಮೇಲೆ ಜನ ಆಡಿಕೊಂಡದ್ದನ್ನು ಇಲ್ಲಿ ಬರೆಯುವುದು ಬೇಡ. ತೀರ್ಪು ಬಂದ ದಿನ ತ್ರಿಶಲಾ ಅದನ್ನು ನಮ್ಮ ಪಡಸಾಲೆಯಲ್ಲೇ ಓದಿದಳು. ಇಂಗ್ಲಿಷ್ ಬಾರದ ಅಪ್ಪ ಮುಖ ನೋಡುತ್ತ ಕೂತಿದ್ದರು.

"ಏನಂದಾರವಾ?"

ಅವಳು ಮೊಬೈಲು ಮಗುಚಿ ಕೆಳಗಿಟ್ಟಳು. ಆಮೇಲೆ ಅಂದಳು, "ನೀ ಮಾತಾಡಿದ್ದಕ್ಕ ನಾಕ ವರ್ಷಕ್ಕ ಬಿಟ್ಟಾರಪ್ಪಾ. ಇಲ್ಲಂದ್ರ ಜನ್ಮಪೂರ್ತಿ ಬಂದ್ ಮಾಡ್ತಿದ್ರಂತ."

ಮುದುಕರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಅಂದಿನಿಂದ ಏಕಸಂಬಿಯ ಚಹಾದಂಗಡಿಯಲ್ಲಿ ಅವರು ದಿಲ್ಲಿಯ ಎದುರು ಹಿಂದಿಯಲ್ಲಿ ವಾದಿಸಿ ಮಗಳನ್ನು ಉಳಿಸಿಕೊಂಡ ಕಥೆ ಹೇಳುತ್ತಾರೆ. ಹೇಳುವಾಗ ಎದ್ದು ನಿಲ್ಲುತ್ತಾರೆ. ಮೋಸ ಮಾಡಿದಳೆಂದು ಶಿಕ್ಷೆ ಅನುಭವಿಸುತ್ತಿರುವ ಹುಡುಗಿ ನನಗೆ ತಿಳಿದಂತೆ ಮಾಡಿದ ಮೋಸ ಅಪ್ಪನಿಗೆ ಆಡಿದ ಆ ಒಂದು ಮಾತೇ. ಕೇಳುವವರು ನಂಬದ ಹಾಗೆ ಕಂಡರೆ ಅಣ್ಣಾಸಾಬರು ನನ್ನ ಕಡೆ ತಿರುಗುತ್ತಾರೆ.

"ಸರ ಅಲ್ಲೇ ಇದ್ರು, ಕೇಳ್ರಿ. ಹೌದಿಲ್ರಿ ಸರ?"

"ಹೌದ್ರಿ" ಅನ್ನುತ್ತೇನೆ. ಯಾರಾದರೂ ನನ್ನ ನಾಲಗೆಯನ್ನು ಪರೀಕ್ಷೆಗೆ ಕಳಿಸಿದರೆ ಆಜೀವ ನಿಷೇಧ ಖಂಡಿತ.